ಮುಚ್ಚಳದ ಮೇಲಿನ ಹೆಸರು

ಕಣ್ಣಾಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳಿಗೆ ಸಾಕುತಾಯಿ ಎಂದೇ ಹೆಸರು. ಹದಿನೇಳು ವರ್ಷಗಳಿಂದ, ಭಾನುವಾರವೂ ಬಿಡದೆ, ತಟ್ಟೆಗಳಲ್ಲಿ ಬೆಳೆಯುವ ಕಾಂಡಕೋಶಗಳಿಗೆ ಪೋಷಕ ದ್ರವ ಬದಲಿಸುವುದು ಅವಳ ಕೆಲಸ. ಕಾಂಡಕೋಶವೆಂದರೆ ಇನ್ನೂ ಕಸುಬು ಹಿಡಿಯದ ಕೋಶ. ಹಾಗಿರುವಷ್ಟು ದಿನ ಒಂದು ಹತ್ತಾಗುತ್ತದೆ. ಕಸುಬು ಹಿಡಿದ ಮೇಲೆ ಆ ಆಟವೆಲ್ಲ ಮುಗಿಯಿತು.

ಈ ಸಲದ ಒಂದು ತಟ್ಟೆ ಅವಳ ತಮ್ಮನದು. ಗೋಡೆಗೆ ಸುಣ್ಣ ಬಳಿಯುವಾಗ ಸಿಡಿದು ಅವನ ಬಲಗಣ್ಣು ಸುಟ್ಟಿತ್ತು. ಎಡಗಣ್ಣು ಹುಟ್ಟಿನಿಂದಲೇ ಮಂದ. ಆದರೂ ಕಾಂಡಕೋಶಗಳಿರುವ ಅದರ ಕರಿಗುಡ್ಡೆಯ ಅಂಚು ಚೆನ್ನಾಗಿತ್ತು. ಅಲ್ಲಿಂದ ಸಾಸಿವೆಯಷ್ಟು ತೆಗೆದು ಬೆಳೆಸಿ, ಬಲಗಣ್ಣಿಗೆ ಹೊದಿಸಬೇಕು. ಇನ್ನೊಮ್ಮೆ ತೆಗೆದರೆ ಆ ಕಣ್ಣೂ ಹೋದೀತು ಎಂದಿದ್ದರು ಡಾಕ್ಟರು. ಇನ್ನೊಂದು ತಟ್ಟೆ ಯಾರೋ ಬಣ್ಣದ ಕಾರ್ಖಾನೆಯ ಹೆಂಗಸಿನದು.

ಅವಳು ಹೆಸರು ಬರೆಯುತ್ತಿದ್ದದ್ದು ಯಾವಾಗಲೂ ತಟ್ಟೆಯ ತಳಕ್ಕೆ. ಅಂದು ದೊಡ್ಡ ಮನುಷ್ಯರು ನೋಡಲು ಬರುವವರಿದ್ದರು. "ಮೇಲೇ ಬರಿಯಮ್ಮಾ, ಬಂದೋರಿಗೆ ಕಾಣ್ಬೇಕು," ಎಂದರು ದೊಡ್ಡ ಡಾಕ್ಟರು. ಹಳೆಯದನ್ನು ಒರೆಸಿ ಮುಚ್ಚಳದ ಮೇಲೆ ಬರೆದಳು. ಹದಿನೇಳು ವರ್ಷದಲ್ಲಿ ಒಂದೇ ಒಂದು ಸಲ!

ಬಂದವರೆದುರು ಡಾಕ್ಟರು ಗಾಳಿ ಸೋಸುವ ಪೆಟ್ಟಿಗೆಯೊಳಗೆ ಕೈಯಿಟ್ಟು, ಎರಡೂ ಮುಚ್ಚಳ ತೆಗೆದು ತೋರಿಸಿ, ಮಾತಿನ ಭರದಲ್ಲಿ ಮುಚ್ಚಿದರು. ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು; ಗಾಜಿನಾಚೆ ಅವಳಿಗೆ ಕಂಡದ್ದು ಅವರ ಬೆನ್ನಷ್ಟೆ. ಬಂದವರು ಹೋದ ಮೇಲೆ ಒಳಗೆ ಬಂದು ಕೇಳಿದಳು:

"ಯಾವ ಮುಚ್ಚಳ ಯಾವುದಕ್ಕೆ ಹಾಕಿದ್ರಿ ಸರ್?"

"ಎರಡೂ ಒಂದೇ ತರ ಇದ್ವಲ್ಲಮ್ಮಾ."

ಪರೀಕ್ಷೆ ಮಾಡಿಸಿದರೆ ಯಾರದು ಯಾವುದೆಂದು ತಿಳಿಯುತ್ತಿತ್ತು, ಮೂರು ವಾರದ ಮೇಲೆ. ಅಷ್ಟರಲ್ಲಿ ಕೋಶಗಳೆಲ್ಲ ಕಸುಬು ಹಿಡಿದು, ಮುದಿಯಾಗಿ, ಉದುರಿಹೋಗುತ್ತವೆ. ಬೇರೆಯವರದನ್ನು ಹೊದಿಸಿದರೆ ಮೈ ಒಪ್ಪುವುದಿಲ್ಲ, ಕಣ್ಣು ಕೀವಾಗಿ ಕೊಳೆಯಲೂಬಹುದು.

"ಸರಿಯಾಗೇ ಇರತ್ತೆ, ಹಾಕಿಬಿಡೋಣ. ಬಾಯಿ ಬಿಡ್ಬೇಡ," ಎಂದರು ಡಾಕ್ಟರು.

ಅವಳು ಬಾಯಿ ಬಿಡಲಿಲ್ಲ. ಬ್ಲೀಚಿನ ಬಾಟಲಿ ತಂದು ಎರಡಕ್ಕೂ ಸುರಿದಳು. ಹದಿನಾರು ದಿನ ಸಾಕಿದ್ದು ಎರಡು ನಿಮಿಷದಲ್ಲಿ ಬಿಳುಚಿಹೋಯಿತು. ಸಂಜೆಗೆ ಗೋಡೆಯ ಮೇಲೆ ಡಾಕ್ಟರ ಸಹಿಯ ಸೂಚನೆ ಬಿತ್ತು: ಸಿಬ್ಬಂದಿಯ ಅಜಾಗರೂಕತೆಯ ಕಾರಣ, ಇನ್ನು ಮುಂದೆ ಹೆಸರನ್ನು ತಳಕ್ಕೇ ಬರೆಯತಕ್ಕದ್ದು.

ಮನೆಯಲ್ಲಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಹೊಗಳುತ್ತಾನೆಂದಲ್ಲ, ಅರ್ಥಮಾಡಿಕೊಂಡಾನು ಎಂದುಕೊಂಡಿದ್ದಳು. ತಮ್ಮ ಗೋಡೆ ತಡವಿಕೊಂಡು ಎದ್ದು ನಿಂತ.

"ನನ್ನ ಕಣ್ಣಕ್ಕಾ ಅದು. ಸುರಿಯೋಕೆ ಮುಂಚೆ ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

ಕೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.