ಮೀನೆಲ್ಲ ಬಾಚಿಸಿದ ತಾತ

ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಕೆರೆ ಕಪ್ಪಾಯಿತು, ಒಂದು ಮೀನೂ ಉಳಿಯಲಿಲ್ಲ. ಇಲ್ಲಿ ಅಮೆರಿಕದ ಟ್ರಾಯ್‌ನಲ್ಲಿ ಅವಳ ಟೀಚರ್ ಕೊಟ್ಟ ಪಾಠವದು. ಇವಳೂ ಸೇರಿ ನಾಲ್ವರು ಗೆಳತಿಯರು ತಮ್ಮ ತಮ್ಮ ಮನೆಯಿಂದಲೇ ಕಂಪ್ಯೂಟರಿನ ಒಂದೇ ಕೆರೆಯಲ್ಲಿ ಮೀನು ಹಿಡಿಯಬೇಕು, ಮೀನಿನ ಸಂತತಿಯೂ ಉಳಿಯಬೇಕು. ಉಳಿದ ಮೂವರು ವಿಡಿಯೋದಲ್ಲಿ ಮಾತಾಡಿಕೊಂಡು ಸ್ವಲ್ಪ ಸ್ವಲ್ಪವೇ ಹಿಡಿಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ನಾನೇ, "ಅವರಿಗ್ಯಾಕೆ ಕಾಯ್ತೀಯ? ಫಸ್ಟ್ ಬರ್ಬೇಕು ಪುಟ್ಟಿ, ಬಾಚ್ಕೋ" ಎಂದು ತಿವಿದಿದ್ದೆ. ಬಾಚಿಕೊಂಡಿದ್ದಳು.

"ಯು ಕಿಲ್ಡ್ ದ ಲೇಕ್!" ಎಂದಳು ಒಬ್ಬಳು. ಮೂವರೂ ಪರದೆಯಿಂದ ಮಾಯವಾದರು. ಮೊಮ್ಮಗಳು ಅವರ ಮುಂದೆ ನನ್ನ ಹೆಸರೆತ್ತಿರಲಿಲ್ಲ. ತಪ್ಪು ನನ್ನದೆಂದು ನಾನೇ ಹೇಳುತ್ತೇನೆ ಎಂದೆ. "ನೋ ತಾತ, ಪ್ಲೀಸ್. ಡೋಂಟ್ ಟಾಕ್ ಟು ದೆಮ್," ಎಂದು ಅತ್ತಳು.

ಈಗ ತರಗತಿಯ ಯಾವ ಗುಂಪಿನವರೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ನಾನು ಕೋಣೆಗೆ ಕಾಲಿಟ್ಟರೆ ಎದ್ದು ಹೋಗುತ್ತಾಳೆ.