ನಾಗವೇಣಿ ಮಿಸ್ಸಿನ ‘ಗುಕ್’

‘ಅಮ್ಮಾ, ನಮ್ಮ ಹೊಸ ಮ್ಯಾಥ್ಸ್ ಮಿಸ್ ಗುಕ್ ಅಂತಾರ.’

ಆರನೇ ಕ್ಲಾಸಿನ ನನ್ನ ಮಗಳು ಇಂಚರ ಶಾಲೆಯಿಂದ ಬಂದು ಶೂ ಬಿಚ್ಚುತ್ತಾ ಹೇಳಿದ ಸುದ್ದಿ ಇದು. ಬಿಕ್ಕಳಿಕೆ ಇರಬೇಕು, ನೀರು ಕುಡಿದರೆ ಹೋಗುತ್ತದೆ ಅಂದೆ. ಬಿಕ್ಕಳಿಕೆ ಅಲ್ಲವಂತೆ. ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಮಿಸ್ಸಿನ ಗಂಟಲಿನಿಂದ ಒಂದು ‘ಗುಕ್’, ಜೊತೆಗೆ ಕತ್ತು ಪಕ್ಕಕ್ಕೆ ಒಮ್ಮೆ ಎಳೆದ ಹಾಗೆ. ಆಮೇಲೆ ಏನೂ ಆಗದವರಂತೆ ಲೆಕ್ಕ ಮುಂದುವರಿಯುತ್ತದೆ.

ಮೊದಲ ದಿನವೇ ಅವರು ಮಕ್ಕಳಿಗೆ ಹೇಳಿಬಿಟ್ಟಿದ್ದರಂತೆ: ಇದು ನಾನು ಮಾಡುವುದಲ್ಲ, ತಾನಾಗಿ ಬರುವುದು, ನಗಬೇಕು ಅನಿಸಿದರೆ ನಕ್ಕುಬಿಡಿ. ಮಕ್ಕಳು ನಕ್ಕರು. ಒಂದು ವಾರ ನಕ್ಕರು. ಆಮೇಲೆ ಮರೆತರು.

ಮರೆಯದವರು ನಾವು, ಅಪ್ಪ ಅಮ್ಮಂದಿರು.

ನಾಗವೇಣಿ ಮಿಸ್ ಕೊಟ್ಟೂರಿನವರು. ದಿನಾ ಬಸ್ಸಿನಲ್ಲಿ ನಮ್ಮ ಹರಪನಹಳ್ಳಿಗೆ ಬಂದು ಹೋಗುತ್ತಾರೆ. ಭಿನ್ನರಾಶಿ ಅಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ನನ್ನ ಮಗಳು ಅವರು ಬಂದ ಮೇಲೆ ರೊಟ್ಟಿ ಮುರಿಯುವಾಗಲೂ ಇದು ಕಾಲು ಭಾಗ, ಇದು ಅರೆಕಾಲು ಅನ್ನತೊಡಗಿದಳು. (ಮುರಿಯುವುದು ಅಪ್ಪನ ತಟ್ಟೆಯ ರೊಟ್ಟಿಯನ್ನು. ಅದು ಬೇರೆ ಮಾತು.)

ಅಷ್ಟರಲ್ಲಿ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಪುಷ್ಪಾಳ ಮೆಸೇಜು ಬಂತು. ಪುಷ್ಪಾ ನಮ್ಮ ಓಣಿಯವಳೇ, ನನಗೆ ಆಪ್ತಳು. ಅವಳ ಮಗ ಮನೋಜ ಇಂಚರಳ ಕ್ಲಾಸು. ಈ ಮಿಸ್ ಬಂದ ಮೇಲೆ ಅವನು ಪಟಪಟ ಕಣ್ಣು ಮಿಟುಕಿಸುತ್ತಿದ್ದಾನೆ, ಮಿಸ್ಸಿನಿಂದಲೇ ಅಂಟಿದ್ದು, ಅವರನ್ನು ಬದಲಾಯಿಸಬೇಕು ಎಂದು ಬರೆದಿದ್ದಳು. ಕೆಳಗೆ ಹೆಬ್ಬೆಟ್ಟುಗಳ ಸಾಲು. ಒಬ್ಬರು ಮೂರ್ಛೆರೋಗ ಅಂದರು. ಇನ್ನೊಬ್ಬರು ಗಾಳಿ ಸೋಕಿದೆ ಅಂದರು. ಮೊದಲು ಮಿಸ್ಸನ್ನೇ ಕೇಳೋಣ ಎಂದು ನಾನು ಬರೆದೆ. ಅದಕ್ಕೆ ಯಾರೂ ಹೆಬ್ಬೆಟ್ಟು ಒತ್ತಲಿಲ್ಲ.

ಹೆಡ್ ಮಾಸ್ಟರ್ ಮೆದು ಮನುಷ್ಯ. ಯಾರ ಮನಸ್ಸನ್ನೂ ನೋಯಿಸಲಾರರು. ಮಿಸ್ಸನ್ನು ಕರೆದು, ಸ್ವಲ್ಪ ಕಂಟ್ರೋಲ್ ಮಾಡಿಕೊಳ್ಳಿ ಅಂದರಂತೆ. ಮಿಸ್ ಆಯಿತು ಸರ್ ಅಂದರಂತೆ.

ಗುಕ್ ನಿಂತಿತು. ಪಾಠವೂ ನಿಂತಿತು.

ಮಿಸ್ ಈಗ ಬೆಂಚುಗಳ ನಡುವೆ ಓಡಾಡುವುದಿಲ್ಲ, ಡೌಟು ಕೇಳಿದರೆ ಆಮೇಲೆ ಅನ್ನುತ್ತಾರೆ, ಸುಲಭದ ಕೂಡುವ ಲೆಕ್ಕವನ್ನೇ ಬೋರ್ಡಿನ ಮೇಲೆ ತಪ್ಪು ಮಾಡುತ್ತಾರೆ, ಬೆಲ್ ಹೊಡೆದ ಕೂಡಲೇ ಓಡುತ್ತಾರೆ. ಇಂಚರ ಒಂದೊಂದೇ ಹೇಳುತ್ತಿದ್ದಳು. ಒಂದು ಸಂಜೆ ಹೋಂವರ್ಕ್ ಮಾಡುತ್ತಾ ಪೆನ್ಸಿಲ್ ಕೆಳಗಿಟ್ಟಳು.

‘ಮಿಸ್ ಈಗ ಗುಕ್ ಅನ್ನಲ್ಲಮ್ಮ. ನಗೋದೂ ಇಲ್ಲ.’

ಮರುದಿನ ನಾನು ಹೆಡ್ ಮಾಸ್ಟರ ಬಳಿ ಹೋಗಿ ಇದನ್ನೇ ಹೇಳಿದೆ. ಶನಿವಾರ ಮಧ್ಯಾಹ್ನ ಮೀಟಿಂಗ್ ಕರೆದರು.

ಪುಷ್ಪಾಳ ಸ್ಕೂಟಿಯಲ್ಲೇ ಹೋದೆ. ಶಾಲೆಯ ಹೊರಗೆ ಮೆಕ್ಕೆಜೋಳದ ಲಾರಿಗಳು ಕಿವಿ ಹರಿಯುವಂತೆ ಹಾರ್ನ್ ಹೊಡೆಯುತ್ತಿದ್ದವು. (ಅದರ ಮೇಲೆ ಇದುವರೆಗೆ ಒಬ್ಬರೂ ಕಂಪ್ಲೇಂಟ್ ಕೊಟ್ಟಿಲ್ಲ.) ಹೆಡ್ ಮಾಸ್ಟರ್ ಸುತ್ತಿ ಬಳಸಿ ಶುರುಮಾಡಿದರು. ಮಿಸ್ ತಾವೇ ಎದ್ದು ನಿಂತರು.

ಇದಕ್ಕೆ ಟುರೆಟ್ ಅನ್ನುತ್ತಾರೆ, ಹರಡುವಂಥ ರೋಗವಲ್ಲ, ಮಿದುಳು ಹೀಗೆ ಕೆಲಸ ಮಾಡುತ್ತದೆ ಅಷ್ಟೆ, ಚಿಕ್ಕಂದಿನಿಂದಲೂ ಇದೆ ಎಂದರು. ಹೇಳುತ್ತಿರುವಾಗಲೇ ಗುಕ್ ಬಂತು. ಮುಚ್ಚಿಡಲಿಲ್ಲ.

‘ಸೀನು ಬಂದಾಗ ತಡಕಂಡು ನೋಡ್ರಿ. ತಡಕಬಹುದು. ಆದ್ರ ಆಗ ತಲ್ಯಾಗ ಬ್ಯಾರೆ ಏನಾದ್ರೂ ಇರ್ತೈತೇನು? ಇಷ್ಟು ದಿನ ನಾ ಬರೇ ತಡಕಂಡೀನಿ. ಪಾಠ ಮಾಡಿಲ್ಲ.’

ಅವರು ಕೇಳಿದ್ದು ಇಷ್ಟೇ. ಗುಕ್ ಬಂದರೆ ಬರಲಿ ಬಿಡಿ. ಎರಡು ಪಿರಿಯಡ್ ನಡುವೆ ಸ್ವಲ್ಪ ಹೊತ್ತು ಒಬ್ಬಳೇ ಕೂರಲು ಒಂದು ಜಾಗ ಕೊಡಿ. ಹೆಡ್ ಮಾಸ್ಟರ್ ಅಲ್ಲೇ ಒಪ್ಪಿದರು. ಲ್ಯಾಬಿನ ಪಕ್ಕದ ಕೋಣೆಯಲ್ಲಿ ಹಳೆಯ ನಕಾಶೆಗಳನ್ನು ಬಿಟ್ಟರೆ ಏನಿದೆ? ಒಂದಿಬ್ಬರು ಗೊಣಗುತ್ತಲೇ ಎದ್ದು ಹೋದರು. ಉಳಿದವರಿಗೆ ಊಟದ ಹೊತ್ತಾಗಿತ್ತು.

ಪುಷ್ಪಾ ಮಾತ್ರ ಏಳಲಿಲ್ಲ. ಎಲ್ಲರೂ ಹೋಗುವವರೆಗೆ ಕೂತಿದ್ದು, ಮೆಲ್ಲಗೆ ಮಿಸ್ಸಿನ ಹತ್ತಿರ ಹೋದಳು. ಜಗಳಕ್ಕೇ ಅಂದುಕೊಂಡು ನಾನೂ ಹಿಂದೆ ಹೋದೆ.

‘ನಿಮ್ಮವ್ವ ನಿಮಗ ಹೊಡಿತಿದ್ಳೇನ್ರಿ?’

ಮಿಸ್ ಅವಳನ್ನೇ ನೋಡಿದರು.

‘ಹೊಡಿತಿದ್ಳುರಿ. ಆಕಿಗೂ ಇದೇನಂತ ಯಾರೂ ಹೇಳಿದ್ದಿಲ್ಲ.’

‘ಹೊಡದ್ರ ಕಡಿಮಿ ಆಗ್ತಿತ್ತೇನು?’

‘ಜಾಸ್ತಿ ಆಗ್ತಿತ್ತು.’

ಪುಷ್ಪಾ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತಳು. ಮನೋಜ ಕಣ್ಣು ಮಿಟುಕಿಸುವುದು ಈ ವರ್ಷದ್ದಲ್ಲ, ಎರಡನೇ ಕ್ಲಾಸಿನಿಂದ. ಕಣ್ಣಿನ ಡಾಕ್ಟರಿಗೆ ತೋರಿಸಿದ್ದಳು, ಮೈಲಾರಕ್ಕೆ ಹರಕೆ ಹೊತ್ತಿದ್ದಳು. ಬೇಕಂತಲೇ ಮಾಡುತ್ತಾನೆ ಎಂದು ಕೆನ್ನೆಗೂ ಕೊಟ್ಟಿದ್ದಳು. ಮಿಸ್ಸಿನಿಂದ ಅಂಟಿದ್ದು ಅಂದುಕೊಂಡರೆ ಮಿಸ್ ಹೋದ ಮೇಲೆ ಹೋದೀತು ಅನ್ನುವ ಆಸೆ ಅವಳಿಗೆ. ಇದನ್ನೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಹೇಳಿದಳು. ನಾಗವೇಣಿ ಮಿಸ್ ಆ ಪುಟ್ಟ ಬೆಂಚಿನಲ್ಲಿ ಅವಳ ಪಕ್ಕ ಇಕ್ಕಟ್ಟಾಗಿ ಕೂತು, ಬೆನ್ನ ಮೇಲೆ ಕೈಯಿಟ್ಟರು. ದಾವಣಗೆರೆಯಲ್ಲಿ ತಾವು ತೋರಿಸಿಕೊಳ್ಳುವ ಡಾಕ್ಟರ ಬಳಿ ಜೊತೆಗೆ ಬರುತ್ತೇನೆ ಎಂದರು. ಮಾತಿನ ನಡುವೆ ಗುಕ್ ಅಂದರು. ಪುಷ್ಪಾ ಅಳುತ್ತಲೇ ನಕ್ಕುಬಿಟ್ಟಳು. ಮಿಸ್ಸೂ ನಕ್ಕರು.

ಮನೋಜ ಈಗಲೂ ಕಣ್ಣು ಮಿಟುಕಿಸುತ್ತಾನೆ. ಮಿಸ್ಸಿನ ಗುಕ್ಕೂ ಇದೆ. ಇಂಚರಳ ಕ್ಲಾಸು ದಶಮಾಂಶಕ್ಕೆ ಬಂದಿದೆ.

ದಾವಣಗೆರೆಗೆ ಹೋಗಿಬಂದ ದಿನ ಪುಷ್ಪಾ ಅದೇ ಗ್ರೂಪಿನಲ್ಲಿ ಬರೆದಳು: ‘ನನ್ನ ಮಗನಿಗೂ ಐತಿ. ಅಂವ ಬೇಕಂತ ಮಾಡಲ್ಲ. ಯಾರೂ ಸುಮ್ನಿರು ಅನ್ನಬ್ಯಾಡ್ರಿ.’ ಅದನ್ನು ಬರೆಯಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿತ್ತು ಎಂದು ನನಗೆ ಗೊತ್ತು. ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದ್ದು ನಮ್ಮ ಅಡುಗೆಮನೆಯಲ್ಲೇ ಕೂತು.

ನಿಮ್ಮ ಆಫೀಸಿನಲ್ಲಿ, ಅಂಗಡಿಯಲ್ಲಿ, ನಿಮ್ಮ ಮನೆಯಲ್ಲೇ ಹೀಗೆ ಉಸಿರು ಬಿಗಿಹಿಡಿದು ಕೂತವರು ಯಾರಾದರೂ ಇರಬಹುದು. ಯಾವತ್ತಾದರೂ ಅವರನ್ನೇ ಕೇಳಿದ್ದೀರಾ?