ಬಸ್ಸು ತಡೆದವರಿಗೆ ಸೀಟು ಸಿಕ್ಕಿತು

ಗೆಳೆಯರೇ, ಇವತ್ತು ನಮ್ಮೂರಿನ ಒಗ್ಗಟ್ಟು ನೋಡಬೇಕಿತ್ತು. ಶ್ರೀರಂಗಪಟ್ಟಣದ ಎಕ್ಸ್‌ಪ್ರೆಸ್ ಬಸ್ಸು ನಮ್ಮಲ್ಲೂ ನಿಲ್ಲಬೇಕೆಂದು ಇಡೀ ಊರು ಹಸಿರು ಶಾಲು ಹೊದ್ದು ರಸ್ತೆಗೆ ಅಡ್ಡ ಕೂತೆವು. ಬಸ್ಸು ನಿಂತಿತು. ಡಿಪೋ ಸಾಹೇಬರು ಬಂದು ಬರೆದುಕೊಡುವ ತನಕ ಯಾರೂ ಏಳಕೂಡದೆಂದು ಮುಖಂಡ ಗೌಡರ ಅಪ್ಪಣೆ.

ಕಂಡಕ್ಟರ್ ಇಳಿದು, "ಎಂಗೂ ನಿಂತೈತಲ್ಲ, ಬರೋರು ಅತ್ಕಳ್ರಪ್ಪಾ" ಅಂದ.

ತಕ್ಷಣ ಕಿಟಕಿಗಳಲ್ಲಿ ಹಸಿರು ಶಾಲುಗಳು ತೂರಿ ಸೀಟು ಹಿಡಿದವು.

"ಲೇ, ಚಳವಳಿ ಕಣ್ರಲಾ!" ಗೌಡರು ಕೂಗಿದರು.

"ನಿಮ್ಗೂ ಒಂದ್ ಸೀಟ್ ಇಡ್ದಿವ್ನಿ ಬನ್ನಿ ಗೌಡ್ರೇ" ಎಂದೆ.

ಬಂದರು. ಕಿಟಕಿ ಪಕ್ಕವೇ ಬೇಕೆಂದರು.

ದಾರಿಯಲ್ಲಿ ಸಾಹೇಬರ ಜೀಪು ನಮ್ಮೂರ ಕಡೆ ಹೋಗುತ್ತಿತ್ತು. ಎಲ್ಲರೂ ಕೈಮುಗಿದೆವು.

ನಾಳೆ ಬಸ್ಸು ತಾನಾಗಿ ನಿಲ್ಲುವುದಿಲ್ಲ. ಹಾಗಾಗಿ ನಾಳೆಯೂ ಇದೇ ಹೊತ್ತಿಗೆ ಚಳವಳಿಯಿದೆ. ಪೇಟೆಯಲ್ಲಿ ಕೆಲಸವಿರುವವರು ಮಾತ್ರ ಬನ್ನಿ.